ಗಡಿಯಾರದ ಪಂಚಾಂಗ

ಮುಖಪುಟವಿಲ್ಲದ, ಬೆನ್ನುಡಿಯಿಲ್ಲದ, ಯಾರೂ ಮೊದಲಿಂದ ಕೊನೆಯವರೆಗೆ ಓದಿರಲಾರದ ಕೃತಿಯೊಂದನ್ನು ಹೊಟ್ಟೆಪಾಡಿಗಾಗಿ ಹತ್ತಿಪ್ಪತ್ತು ವರ್ಷದಿಂದ ಬಿಡಿಬಿಡಿಯಾಗಿ ಓದುತ್ತಿದ್ದೇನೆ. ಅದರ ಹೆಸರು ಟಿಝಡ್ ಡೇಟಾಬೇಸ್. ಹಳಬರ ಬಾಯಲ್ಲಿ ಓಲ್ಸನ್ ಫೈಲು. ಆರ್ಥರ್ ಡೇವಿಡ್ ಓಲ್ಸನ್ ಎಂಬುವರು ಅಮೆರಿಕದಲ್ಲಿ 1980ರ ದಶಕದಲ್ಲಿ ಶುರುಮಾಡಿದ್ದು. ಈಗ ಅದರ ಸಂಪಾದಕರು ಲಾಸ್ ಏಂಜಲಿಸ್‌ನ ಪಾಲ್ ಎಗರ್ಟ್. ಯಾವ ಊರಿನ ಗಡಿಯಾರ ಯಾವ ದಿನ ಒಂದು ಗಂಟೆ ಮುಂದೆ ಹೋಗುತ್ತದೆ, ಯಾವ ದಿನ ಹಿಂದೆ ಬರುತ್ತದೆ ಎಂಬುದರ ಪಟ್ಟಿ ಅದು. ಆಂಡ್ರಾಯ್ಡ್ ಫೋನು, ಐಫೋನು, ಲಿನಕ್ಸ್ ಸರ್ವರು, ಜಾವಾ ಎಲ್ಲವೂ ಗಂಟೆ ಕೇಳುವುದು ಇದನ್ನೇ. ವಿಂಡೋಸ್ ಮಾತ್ರ ತನ್ನದೇ ಬೇರೆ ಪಟ್ಟಿ ಇಟ್ಟುಕೊಂಡಿದೆ.

ಅಮೆರಿಕದ ಸದ್ಯದ ನಿಯಮಕ್ಕೆ ಅದರಲ್ಲಿ ಎರಡೇ ಸಾಲು. ಒಂದು ಸಾಲಿನಲ್ಲಿ ಮೊದಲು 2007 ಎಂದಿದೆ, ಆಮೇಲೆ 'ಮ್ಯಾಕ್ಸ್', ಆಮೇಲೆ ಮಾರ್ಚ್, ಆಮೇಲೆ ಎಂಟನೇ ತಾರೀಖು ಅಥವಾ ಅದರಾಚೆ ಬರುವ ಮೊದಲ ಭಾನುವಾರ, ಬೆಳಗಿನ ಜಾವ ಎರಡು ಗಂಟೆ, ಕೂಡಿಸು ಒಂದು. ಎರಡನೇ ಸಾಲು ನವೆಂಬರಿನ ಮೊದಲ ಭಾನುವಾರದ್ದು. 'ಮ್ಯಾಕ್ಸ್' ಎಂದರೆ ಇಲ್ಲಿಂದ ಮುಂದೆ ಸದಾಕಾಲ. ನಮ್ಮ ದಾನಶಾಸನಗಳ 'ಆಚಂದ್ರಾರ್ಕ'ವೇ ಸೈ. ಶಾಸನ ಕಡೆದವನಿಗಾದರೂ ಅಷ್ಟೆ, ರಾಜ ಬದಲಾದರೆ ಚಂದ್ರಸೂರ್ಯರು ಇದ್ದಲ್ಲೇ ಇದ್ದರೂ ದತ್ತಿ ಉಳಿಯುವುದಿಲ್ಲ ಎಂಬುದು ಗೊತ್ತಿದ್ದಿರಬೇಕು.

ಆ ಎರಡು ಸಾಲು ಹುಟ್ಟಿದ ಕಾಲದಲ್ಲಿ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿಯಲ್ಲಿದ್ದೆ. ಅಮೆರಿಕ 2005ರ ಆಗಸ್ಟಿನಲ್ಲಿ ಇಂಧನ ಕಾಯ್ದೆ ಮಾಡಿ, ಏಪ್ರಿಲ್ ಮೊದಲ ಭಾನುವಾರ ಶುರುವಾಗುತ್ತಿದ್ದ ಡೇಲೈಟ್ ಸೇವಿಂಗನ್ನು, ಅಂದರೆ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಬೇಸಿಗೆ ಪದ್ಧತಿಯನ್ನು, ಮಾರ್ಚ್ ಎರಡನೇ ಭಾನುವಾರಕ್ಕೆ ಎಳೆದಿತ್ತು. ಜಾರಿಗೆ ಬಂದದ್ದು 2007ರ ಮಾರ್ಚ್ 11ಕ್ಕೆ. ಒಂದೂವರೆ ವರ್ಷದ ಗಡುವಿತ್ತು. ಆದರೂ ಫೆಬ್ರವರಿ ಕೊನೆಯವರೆಗೆ ಯಾರೂ ಕೈಹಚ್ಚಲಿಲ್ಲ, ಕೊನೇ ಎರಡು ವಾರ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಸರ್ವರುಗಳಿಗೆ ಪ್ಯಾಚ್ ಹಾಕುವುದು ಕಷ್ಟದ ಕೆಲಸವಾಗಿರಲಿಲ್ಲ, ಬೇಸರದ ಕೆಲಸ ಅಷ್ಟೆ. ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಪಟ್ಟಿ, ಜಾವಾಕ್ಕೆ ಅದರ ಹೊಟ್ಟೆಯೊಳಗಿನ ಇನ್ನೊಂದು, ಡೇಟಾಬೇಸಿಗೆ ಮತ್ತೊಂದು. ಒಂದೇ ಮನೆಯಲ್ಲಿ ನಾಲ್ಕು ಗೋಡೆಗೆ ನಾಲ್ಕು ಬೇರೆ ಬೇರೆ ವರ್ಷದ ಕ್ಯಾಲೆಂಡರ್ ತೂಗುಹಾಕಿದಂತೆ. ಈ ಪದ್ಧತಿಗೆ ಸಮರ್ಥನೆಯೇ ಇಲ್ಲ. ಇಂದಿಗೂ ನಡೆಯುತ್ತಿದೆ.

ನಿಜವಾಗಿ ಕೈಕೊಟ್ಟದ್ದು ಮೀಟಿಂಗುಗಳು. ಚಿಕಾಗೋದವರು ಜನವರಿಯಲ್ಲೇ ಮಾರ್ಚ್ 14ಕ್ಕೆ ಬೆಳಿಗ್ಗೆ ಹತ್ತು ಗಂಟೆಯ ಮೀಟಿಂಗ್ ಹಾಕಿದ್ದರು. ಕ್ಯಾಲೆಂಡರು ಅದನ್ನು 'ಚಿಕಾಗೋ, ಹತ್ತು ಗಂಟೆ' ಎಂದು ಬರೆದಿಟ್ಟುಕೊಂಡಿದ್ದರೆ ಮಾತೇ ಮುಗಿಯುತ್ತಿತ್ತು. ಅದು ಬುದ್ಧಿವಂತಿಕೆ ಮಾಡಿ, ಹಳೆಯ ನಿಯಮದ ಪ್ರಕಾರ ಲೆಕ್ಕ ಕಟ್ಟಿ, ಗ್ರೀನಿಚ್ಚಿನ ಸಂಜೆ ನಾಲ್ಕು ಎಂದು ಬರೆದುಕೊಂಡಿತ್ತು. ಪ್ಯಾಚ್ ಬಿದ್ದಮೇಲೆ ಅದೇ ನಾಲ್ಕು ಗಂಟೆ ಚಿಕಾಗೋದಲ್ಲಿ ಹನ್ನೊಂದಾಯಿತು. ಅಲ್ಲಿಯವರು ಹತ್ತು ಎಂಬ ನೆನಪಿನ ಮೇಲೆ ಬಂದರು, ನಮಗಾಗ ರಾತ್ರಿ ಎಂಟೂವರೆ. ನಮ್ಮ ತೆರೆ ಒಂಬತ್ತೂವರೆ ಎನ್ನುತ್ತಿತ್ತು, ನಾವು ಊಟಕ್ಕೆ ಕೂತಿದ್ದೆವು. ಇದನ್ನು ಸರಿಪಡಿಸಲು ಒಂದು ಟೂಲ್ ಬಂತು. ಹಾಕಿಟ್ಟ ಮೀಟಿಂಗುಗಳನ್ನೆಲ್ಲ ಒಂದು ಗಂಟೆ ಸರಿಸುವ ಟೂಲ್. ಅವರೂ ಓಡಿಸಿದರು, ನಾವೂ ಓಡಿಸಿದೆವು. ಕೆಲವು ಮೀಟಿಂಗುಗಳು ಎರಡು ಗಂಟೆ ಸರಿದು ಏಳೂವರೆಗೆ ಬಂದು ಕೂತವು. ಕೊನೆಗೆ ಗೆದ್ದ ಉಪಾಯ ಮೀಟಿಂಗಿನ ಹೆಸರಿನಲ್ಲೇ 'ಚಿಕಾಗೋ 10' ಎಂದು ಕೈಯಾರೆ ಟೈಪ್ ಮಾಡುವುದು.

ಆ ಕೈಬರಹದ ಉಪಾಯವೇ ಸರಿಯಾದ ವಿನ್ಯಾಸ ಎಂಬುದು ನನ್ನ ತೀರ್ಮಾನ. ಎಲ್ಲವನ್ನೂ ಯುಟಿಸಿಯಲ್ಲಿ, ಅಂದರೆ ಗ್ರೀನಿಚ್ಚಿನ ಗಂಟೆಯಲ್ಲಿ, ಇಡಿ ಎಂದು ಎಳೆಯ ಎಂಜಿನಿಯರುಗಳಿಗೆ ಬಾಯಿಪಾಠ ಮಾಡಿಸುತ್ತೇವೆ. ಆಗಿಹೋದದ್ದಕ್ಕೆ ಆ ಮಾತು ಸರಿ. ಬ್ಯಾಂಕಿನಲ್ಲಿ ದುಡ್ಡು ಕಟ್ಟಿದ ಕ್ಷಣವನ್ನು ಯಾವ ಸರ್ಕಾರವೂ ಅತ್ತಿತ್ತ ಮಾಡಲಾರದು. ಆಗಬೇಕಾದದ್ದು ಬೇರೆ ಜಾತಿ. ಲಗ್ನಪತ್ರಿಕೆಯಲ್ಲಿ ಇಂಥ ಊರು, ಇಂಥ ಕಲ್ಯಾಣಮಂಟಪ, ಬೆಳಿಗ್ಗೆ 10-15 ಎಂದು ಅಚ್ಚು ಹಾಕಿಸುತ್ತೇವೆಯೇ ಹೊರತು ಗ್ರೀನಿಚ್ಚಿಗೆ ಲೆಕ್ಕ ಕಟ್ಟಿ ಹಾಕಿಸುವುದಿಲ್ಲ. ಊರನ್ನೂ ಗೋಡೆ ಗಡಿಯಾರದ ಗಂಟೆಯನ್ನೂ ಇಟ್ಟುಕೊಂಡು, ಲೆಕ್ಕವನ್ನು ಕೊನೇ ಗಳಿಗೆಗೆ ಬಿಡಬೇಕು. ಯಾರ ಊರು ಎಂದು ಕೇಳಿದರೆ ಉತ್ತರ ಗೊತ್ತೇ ಇದೆ: ದುಡ್ಡು ಕೊಡುವವರದು. ನವೆಂಬರ್ ಬಂತೆಂದರೆ ಹೊರವರ್ತುಲ ರಸ್ತೆಯಲ್ಲಿ ರಾತ್ರಿ ಕ್ಯಾಬುಗಳ ಪಿಕಪ್ ಒಂದು ಗಂಟೆ ತಡವಾಗುವುದು ಅದಕ್ಕೇ. ನಮ್ಮ ಗಡಿಯಾರ ಅಲ್ಲಾಡದಿದ್ದರೂ ನಮ್ಮ ಊಟ ಅಲ್ಲಾಡುತ್ತದೆ.

ಒಂದೂವರೆ ವರ್ಷದ ಗಡುವಿಗೇ ಇಷ್ಟು ಪಾಡಾದರೆ ಮೂರು ದಿನದ ಗಡುವಿಗೆ? 2023ರ ಮಾರ್ಚ್ 23ರಂದು ಲೆಬನಾನಿನ ಪ್ರಧಾನಿ ನಜೀಬ್ ಮಿಕಾತಿ, 26ಕ್ಕೆ ಮುಂದೆ ಹೋಗಬೇಕಿದ್ದ ಗಡಿಯಾರವನ್ನು ಏಪ್ರಿಲ್ 21ರವರೆಗೆ ತಡೆದರು. ರಂಜಾನ್ ಶುರುವಾಗಿತ್ತು. ಮ್ಯಾರೊನೈಟ್ ಚರ್ಚ್ ಒಪ್ಪಲಿಲ್ಲ, ಟಿವಿ ಚಾನೆಲ್‌ಗಳು ಒಪ್ಪಲಿಲ್ಲ. ಒಂದು ಪುಟ್ಟ ದೇಶದಲ್ಲಿ ಎರಡು ಗಂಟೆ. ನಮ್ಮಲ್ಲಿ ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರದು ಮರುದಿನ ಬರುವುದುಂಟು. ಉಪವಾಸ ಅವರವರ ಹೊಟ್ಟೆಗೆ ಬಿಟ್ಟದ್ದಾದ್ದರಿಂದ ನಡೆಯುತ್ತದೆ. ವಿಮಾನಕ್ಕೆ ಹಾಗೆ ನಡೆಯುವುದಿಲ್ಲ. ಟಿಝಡ್ ಸಂಪಾದಕರು 23ರಂದೇ 2023ಬಿ ಎಂಬ ಆವೃತ್ತಿ ತಂದಿದ್ದರು. 27ಕ್ಕೆ ಸರ್ಕಾರ ಮಾತು ಹಿಂತೆಗೆದುಕೊಂಡಿತು. 28ಕ್ಕೆ 2023ಸಿ ಬಂತು. ಅದರಲ್ಲಿ ಲೆಬನಾನಿನ ಗಡಿಯಾರ ಏನೂ ಆಗಿಲ್ಲವೆಂಬಂತೆ 26ರಂದೇ ಮುಂದೆ ಹೋಗಿದೆ. ಸರ್ಕಾರಿ ಗಡಿಯಾರ ಹೋದದ್ದು 29ರ ರಾತ್ರಿ ಕಳೆದು. ಅಂಕಿಯ ಕಾಲಮ್ಮಿನಲ್ಲಿ ಒಂದೇ ಸತ್ಯಕ್ಕೆ ಜಾಗ. ಆದ ಗೊಂದಲವನ್ನು ಟಿಪ್ಪಣಿ ಹೇಳುತ್ತದೆ. ಕೃತಿಯ ಜೀವ ಈ ಟಿಪ್ಪಣಿಗಳಲ್ಲಿದೆ. ಯಂತ್ರ ಅವನ್ನು ಹಾರಿಸಿಕೊಂಡು ಓದುತ್ತದೆ, ಮನುಷ್ಯ ಅಲ್ಲೇ ನಿಲ್ಲುತ್ತಾನೆ. 1906ರಲ್ಲಿ ಹೊಸ ಭಾರತೀಯ ಕಾಲಮಾನದ ವಿರುದ್ಧ ಮುಂಬಯಿಯ ಹತ್ತಿ ಗಿರಣಿ ಕಾರ್ಮಿಕರು ದಂಗೆ ಎದ್ದ ಕಥೆ ನನಗೆ ಮೊದಲು ಸಿಕ್ಕಿದ್ದು ಅಲ್ಲಿ, ಇತಿಹಾಸದ ಪುಸ್ತಕದಲ್ಲಲ್ಲ.

ಸಂಪಾದಕರ ಶಾಸ್ತ್ರನಿಷ್ಠೆ ಒಮ್ಮೊಮ್ಮೆ ಅತಿಯಾಗುತ್ತದೆ. ಐರ್ಲೆಂಡಿನ ಕಾನೂನಿನ ಪ್ರಕಾರ ಬೇಸಿಗೆಯ ಗಂಟೆಯೇ ಅಲ್ಲಿನ ಅಸಲಿ ಕಾಲಮಾನ. ಚಳಿಗಾಲದಲ್ಲಿ ಒಂದು ಕಳೆಯುತ್ತಾರೆ. 2018ರಲ್ಲಿ ಫೈಲು ಹಾಗೆಯೇ ತಿದ್ದಿಕೊಂಡಿತು. ಕಳೆಯುವ ಉಳಿತಾಯವೊಂದು ಇರಬಹುದೆಂದು ಜಾವಾ ಕನಸಿನಲ್ಲೂ ಎಣಿಸಿರಲಿಲ್ಲ, ಮುಗ್ಗರಿಸಿತು. ಕೊನೆಗೆ ಹಳೆಯ ಪ್ರೋಗ್ರಾಮುಗಳಿಗೆಂದೇ ಬೇರೊಂದು ಪಾಠ ಕೊಡಬೇಕಾಯಿತು. ಡಬ್ಲಿನ್ನಿನ ಯಾವ ಗಡಿಯಾರವೂ ಒಂದು ನಿಮಿಷವೂ ಬದಲಾಗದ ಈ ತಿದ್ದುಪಡಿಗೆ ಅಷ್ಟು ರಾದ್ಧಾಂತ ಬೇಕಿರಲಿಲ್ಲ.

ಈ ಕೃತಿಯ ಮೇಲೆ ದಾವೆ ಹೂಡಿದ್ದು ಯಾರೆಂದು ಕೇಳಿದರೆ ನಮ್ಮವರಿಗೆ ನಗು ಬಂದೀತು: ಜ್ಯೋತಿಷ್ಯದ ಸಾಫ್ಟ್‌ವೇರ್ ಮಾರುವ ಆಸ್ಟ್ರೋಲೇಬ್ ಎಂಬ ಅಮೆರಿಕನ್ ಕಂಪನಿ. ಹಳೆಯ ಕಾಲದ ವಿವರಗಳು ತಮ್ಮ ಅಟ್ಲಾಸಿನಿಂದ ಬಂದವು ಎಂಬುದು 2011ರ ತಕರಾರು. ಕೆಲವು ದಿನ ಫೈಲೇ ಮಾಯವಾಗಿತ್ತು; ಇಂಟರ್ನೆಟ್ಟಿನ ಹೆಸರು-ಸಂಖ್ಯೆಗಳನ್ನು ನೋಡಿಕೊಳ್ಳುವ ಐಕಾನ್ ಅದನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿತು. ಮರುವರ್ಷ ಕಂಪನಿ ದಾವೆ ವಾಪಸ್ ಪಡೆಯಿತು. ಗಡಿಯಾರದ ಇತಿಹಾಸ ಜೋಯಿಸರಿಗೆ ಬೇಕಾದಷ್ಟು ಇನ್ನಾರಿಗೂ ಬೇಡ. ನಮ್ಮ ದೊಡ್ಡಪ್ಪ 1943ರಲ್ಲಿ ಹುಟ್ಟಿದವರು. ಯುದ್ಧಕ್ಕಾಗಿ 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ 15ರವರೆಗೆ ಭಾರತದ ಗಡಿಯಾರ ಒಂದು ಗಂಟೆ ಮುಂದಿತ್ತು. ದೊಡ್ಡಪ್ಪನ ಜಾತಕದ ಅಂಚಿನಲ್ಲಿ 'ಯುದ್ಧದ ಗಂಟೆ ಕಳೆದು' ಎಂದು ಸಣ್ಣಕ್ಷರದಲ್ಲಿದೆ. ಫೈಲಿನಲ್ಲೂ ಕೋಲ್ಕತಾ ಹೆಸರಿನ ಕೆಳಗೆ ಅದೇ ತಾರೀಖು, ಅದೇ ಲೆಕ್ಕ.

ಆದರೆ ಭಾರತಕ್ಕೆಲ್ಲ ಆ ಕೋಲ್ಕತಾ ಒಂದೇ ಹೆಸರು. 1970ರ ನಂತರ ಗಡಿಯಾರ ಬೇರೆಯಾಗಿದ್ದ ಊರಿಗೆ ಮಾತ್ರ ಬೇರೆ ಹೆಸರು ಎಂಬುದು ಕೃತಿಯ ನಿಯಮ. ಸರ್ವರುಗಳಿಗೆ ಸಾಕು. ಮುಂಬಯಿಯಲ್ಲಿ ಮಾತ್ರ ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದಿದ್ದ ಬಾಂಬೆ ಟೈಮ್ 1955ರವರೆಗೂ ನಗರದ ಗಡಿಯಾರಗಳಲ್ಲಿ ಉಳಿದಿತ್ತು. ಅದು ಈ ಲೆಕ್ಕದಿಂದ ಬಿಟ್ಟುಹೋಗಿದೆ. 1950ರಲ್ಲಿ ಮಾಟುಂಗದಲ್ಲಿ ಹುಟ್ಟಿದ ನಮ್ಮತ್ತೆಯ ಸಮಯವನ್ನು ಫೋನಿಗೆ ಕೊಟ್ಟೆ; ಅದು ಚಕಾರವೆತ್ತದೆ ಐದೂವರೆ ಗಂಟೆ ಕಳೆದು ಜಾತಕ ಬರೆದುಕೊಟ್ಟಿತು. ಅದನ್ನೇ ನಮ್ಮ ಬೀದಿಯ ಜೋಯಿಸರಿಗೆ ಒಯ್ದು ತೋರಿಸಿದರೆ ಅವರು ಕನ್ನಡಕ ಏರಿಸಿಕೊಂಡು ಕೇಳಿದರು: "ಸಮಯ ಬರೆದುಕೊಂಡವರು ಯಾವ ಗಡಿಯಾರ ನೋಡಿದ್ದರಮ್ಮ? ರೈಲಿನದೋ, ಊರಿನದೋ?"