ಸುಂಕದವನ ಮುಂದೆ ಸುಖದುಃಖ

2024ರ ಸೆಪ್ಟೆಂಬರ್ 11ರ ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಟಿವಿಯ ಎದುರು ಕೂತಿದ್ದೆ. ಅಮೆರಿಕದಲ್ಲಿ ಆಗಿನ್ನೂ ಹಿಂದಿನ ದಿನದ ರಾತ್ರಿ ಒಂಬತ್ತು. ಫಿಲಡೆಲ್ಫಿಯಾದಲ್ಲಿ ಡೊನಾಲ್ಡ್ ಟ್ರಂಪ್ ಮತ್ತು ಕಮಲಾ ಹ್ಯಾರಿಸ್ ಅವರ ಚುನಾವಣಾ ವಾಗ್ವಾದ. ಬ್ಯಾಂಕಿನ ವರ್ಗಾವಣೆಯಲ್ಲಿ ಚೆನ್ನೈಗೆ ಬಂದು ಇಲ್ಲೇ ಉಳಿದ ಪುತ್ತೂರಿನವನಿಗೆ ಅಲ್ಲೇನು ಕೆಲಸ ಅಂತ ನೀವು ಕೇಳಬಹುದು. ನಾನಿರುವುದು ಬೆಸೆಂಟ್ ನಗರದಲ್ಲಿ. ಕಮಲಾ ಅವರ ಅಜ್ಜ ಪಿ.ವಿ. ಗೋಪಾಲನ್ ನಿವೃತ್ತಿಯ ನಂತರ ಇದ್ದದ್ದು ಇದೇ ಬಡಾವಣೆಯಲ್ಲಿ. ಅಜ್ಜನ ಜೊತೆ ಇಲ್ಲಿಯ ಕಡಲ ದಂಡೆಯಲ್ಲಿ ನಡೆದಾಡಿದ್ದನ್ನು ಆಕೆಯೇ ಹೇಳಿಕೊಂಡಿದ್ದಾರೆ. ಹಾಗಾಗಿ ಪಕ್ಕದ ಮನೆಯ ಮಾಮಿಗೆ ಅವರು "ನಮ್ಮ ಪೊಣ್ಣು".

ಕಾರ್ಯಕ್ರಮದ ಶಿಸ್ತು ಮೆಚ್ಚುವಂಥದ್ದು. ಒಂದೂವರೆ ಗಂಟೆ. ಉತ್ತರಕ್ಕೆ ಎರಡು ನಿಮಿಷ, ಮರುತ್ತರಕ್ಕೆ ಎರಡು ನಿಮಿಷ. ಸರದಿ ಇಲ್ಲದವರ ಮೈಕು ಬಂದ್. ಎದುರಿಗೆ ಪ್ರೇಕ್ಷಕರಿಲ್ಲ. ನಮ್ಮ ವಾರ್ತಾ ಚಾನೆಲ್ಲುಗಳ ಗದ್ದಲ ಕೇಳಿದ ಕಿವಿಗೆ ಹಿತವಾಗಿತ್ತು.

ಆದರೆ ನಾನು ತಾಳಮದ್ದಳೆ ಕೇಳಿ ಬೆಳೆದವನು. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ವಾಲಿವಧೆಯಲ್ಲಿ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಅಂತ ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ಬೇರೆ ಕತೆ ತೆಗೆದರೆ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿ ಬಿಡುತ್ತಿದ್ದರೇ ಮಾರಾಯ್ರೆ? ಫಿಲಡೆಲ್ಫಿಯಾದ ಮೊದಲ ಪ್ರಶ್ನೆ ನೇರವಾಗಿತ್ತು: ನಾಲ್ಕು ವರ್ಷದ ಹಿಂದಿಗಿಂತ ಅಮೆರಿಕದ ಜನ ಈಗ ಚೆನ್ನಾಗಿದ್ದಾರೆಯೇ? ಹ್ಯಾರಿಸ್ ತಾವು ಮಧ್ಯಮವರ್ಗದಲ್ಲಿ ಬೆಳೆದದ್ದನ್ನೂ ತಮ್ಮ ಯೋಜನೆಗಳನ್ನೂ ಹೇಳಿದರು, ಹೌದು ಅಥವಾ ಇಲ್ಲ ಎನ್ನಲಿಲ್ಲ. ಟ್ರಂಪ್ ಅವರ ಸುಂಕವನ್ನು ಮಾರಾಟ ತೆರಿಗೆ ಎಂದು ಹಂಗಿಸಿದರು. ಹಾಗಾದರೆ ನಿಮ್ಮ ಸರ್ಕಾರ ಹಳೆಯ ಸುಂಕಗಳನ್ನು ಉಳಿಸಿಕೊಂಡದ್ದೇಕೆ ಅಂದರೆ, ಅದಕ್ಕೂ ಸರಿಯಾದ ಉತ್ತರವಿಲ್ಲ. ಟ್ರಂಪ್ ಅಂತೂ ಬೇರೆ ದೇಶಗಳೇ ದುಡ್ಡು ಕೊಡುತ್ತವೆ ಎಂದುಬಿಟ್ಟರು.

ವಿದೇಶಿ ವಿನಿಮಯ ವಿಭಾಗದಲ್ಲಿ ವರ್ಷಗಟ್ಟಲೆ ಎಲ್‌ಸಿ ನೋಡಿದವನು ನಾನು. ಬಂದರಿನಲ್ಲಿ ಸುಂಕ ಕಟ್ಟುವವನು ಆಮದುದಾರ. ಅವನು ಅದನ್ನು ಗಿರಾಕಿಯ ಮೇಲೆ ಹೇರುತ್ತಾನೆ, ಆಗದಿದ್ದರೆ ರಫ್ತುದಾರನಿಗೆ ರೇಟು ಇಳಿಸು ಅನ್ನುತ್ತಾನೆ. ಇಷ್ಟು ಗೊತ್ತಿದ್ದೂ ನಾನು ಆ ಮಾತಿನ ಹತ್ತಿರ ನಿಲ್ಲಲಿಲ್ಲ. ಸ್ಪ್ರಿಂಗ್‌ಫೀಲ್ಡಿನ ವಲಸಿಗರು ನಾಯಿ ಬೆಕ್ಕು ತಿನ್ನುತ್ತಾರೆ ಅಂತ ಟ್ರಂಪ್ ಹೇಳಿದಾಗ ಹ್ಯಾರಿಸ್ ಮುಖದ ನಗು ನೋಡಿ ನಾನೂ ನಕ್ಕೆ. "ಯಾರು ಗೆದ್ದರು ಸಾರ್?" ಅಂತ ಮಾಮಿ ಕೇಳಿದರು. "ನಿಮ್ಮ ಹುಡುಗಿಯೇ" ಅಂದೆ. ಅಲ್ಲಿನ ಬಹಳ ಮಂದಿ ವಿಮರ್ಶಕರೂ ಹಾಗೇ ಬರೆದರು. ನವೆಂಬರಿನಲ್ಲಿ ಗೆದ್ದವರು ಟ್ರಂಪ್.

2025ರ ಆಗಸ್ಟಿನಲ್ಲಿ ಭಾರತದ ಸರಕುಗಳ ಮೇಲೆ ಅಮೆರಿಕದ ಸುಂಕ 50 ಶೇಕಡಾಕ್ಕೆ ಏರಿತು. ಹಿಂದೆ ನನ್ನಿಂದ ಸಾಲ ಪಡೆದಿದ್ದ ತಿರುಪ್ಪೂರಿನ ಬನಿಯನ್ ರಫ್ತುದಾರರೊಬ್ಬರು ಫೋನ್ ಮಾಡಿದರು. "ಅರ್ಧ ರೇಟು ನೀವೇ ಹೊತ್ಕೊಳ್ಳಿ ಅಂತಾನೆ ಸಾರ್, ಕೂಲಿ ಎಲ್ಲಿಂದ ಕೊಡ್ಲಿ?" ಆಗ ನೆನಪಾಯಿತು ಆ ಬೆಳಗಿನ ಎರಡು ನಿಮಿಷ. ಸಾಲ ಕೇಳಲು ಬಂದವರ ಮಾತಿನ ಚಂದಕ್ಕೆ ಮರುಳಾಗಬೇಡಿ, ಲೆಕ್ಕಪತ್ರ ನೋಡಿ ಅಂತ ಕಿರಿಯ ಅಧಿಕಾರಿಗಳಿಗೆ ಪಾಠ ಮಾಡಿದವನೇ ನಾನು. ವಾಗ್ವಾದದ ದೊಡ್ಡ ದೋಷ ಇದೇ: ಯಾರು ಮಿಂಚಿದರು ಅನ್ನುವುದು ಉಳಿಯುತ್ತದೆ, ಯಾವ ಪ್ರಶ್ನೆಗೆ ಉತ್ತರ ಬರಲಿಲ್ಲ ಅನ್ನುವುದು ಮರೆತುಹೋಗುತ್ತದೆ.

ಹಾಗಂತ ನಮಗೆ ಇದು ಬೇಡವೇ? 2024ರ ಮೇ ತಿಂಗಳಲ್ಲಿ ಚೆನ್ನೈನ ಪತ್ರಕರ್ತ ಎನ್. ರಾಮ್ ಮತ್ತು ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಅವರು ಮೋದಿ ಮತ್ತು ರಾಹುಲ್ ಗಾಂಧಿಯವರನ್ನು ಬಹಿರಂಗ ಚರ್ಚೆಗೆ ಕರೆದಿದ್ದರು. ರಾಹುಲ್ ಒಪ್ಪಿದರು, ಚರ್ಚೆ ನಡೆಯಲಿಲ್ಲ. ನಡೆಯಬೇಕಿತ್ತು. ಪ್ರಶ್ನೆಯೇ ಕೇಳದಿರುವುದಕ್ಕಿಂತ, ಕೇಳಿ ಉತ್ತರ ಸಿಗದಿರುವುದು ಮೇಲು. ತಪ್ಪಿಸಿಕೊಂಡವರು ಯಾರೆಂದಾದರೂ ಗೊತ್ತಾಗುತ್ತದೆ. ನಮ್ಮಲ್ಲೂ ಅಂಥ ದಿನ ಬಂದರೆ ಪಕ್ಕದಲ್ಲೊಂದು ಹಾಳೆ, ಪೆನ್ನು ಇಟ್ಟುಕೊಂಡು ಕೂರಿ. ಮುಖ ಕಡಿಮೆ ನೋಡಿ, ಪ್ರಶ್ನೆ ಬರೆದುಕೊಳ್ಳಿ.