ಬೀಜ, ನೆಲ, ವಂಶ: ಒಂದು ಪರಿಭಾಷಾ ವಿಮರ್ಶೆ

ಶ್ವಾಸಕೋಶದ ಅರ್ಬುದವು ಹುಟ್ಟಿದೆಡೆಯಲ್ಲಿಯೇ ನಿಲ್ಲದೆ ಮೆದುಳು, ಎಲುಬು, ಯಕೃತ್ತುಗಳಿಗೆ ಹರಡುವ ಬಗೆಯನ್ನು ಕನ್ನಡದಲ್ಲಿ ವಿವರಿಸಹೊರಟರೆ ಎರಡು ಮಾತುಗಳು ಸಹಜವಾಗಿ ಎದುರಾಗುತ್ತವೆ: ಒಂದು ‘ಬೀಜ ಮತ್ತು ನೆಲ’ ಎಂಬ ಉಪಮಾನ, ಇನ್ನೊಂದು ‘ವಂಶವಾಹಿ’ ಎಂಬ ಪದ. ಇವೆರಡರ ಯೋಗ್ಯತೆಯನ್ನು ನಾವಿಲ್ಲಿ ಪರಾಮರ್ಶಿಸುತ್ತೇವೆ.

ಉಪಮಾನವು ಆಂಗ್ಲ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟನದು. ಸ್ತನದ ಅರ್ಬುದದಿಂದ ಮಡಿದ 735 ಜನರ ದಾಖಲೆಗಳನ್ನು ಪರಿಶೀಲಿಸಿ, ರೋಗವು ಅವಯವಗಳನ್ನು ಆಯ್ದೇ ಹಿಡಿಯುತ್ತದೆಂದು 1889ರಲ್ಲಿ ಆತನು ತೋರಿಸಿದನು. ಬೀಜವು ಎಲ್ಲೆಡೆ ಚೆಲ್ಲಿದರೂ ಒಗ್ಗುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ. ಹಾನಗಲ್ಲಿನ ಭತ್ತದ ಗದ್ದೆಯನ್ನೂ ಸವಣೂರು, ಶಿಗ್ಗಾವಿಗಳ ಹೊಲಗಳನ್ನೂ ಬಲ್ಲ ವಿದ್ಯಾರ್ಥಿಗೆ ಇದು ತಟ್ಟನೆ ತಿಳಿಯುವ ಮಾತು.

ಆದರೂ ಉಪಮಾನದಲ್ಲಿ ಒಂದು ಕೊರತೆಯಿದೆ. ಬೀಜವೆಂದೊಡನೆ ಒಂದೇ ತಳಿಯ ಕಾಳುಗಳು ಮನಸ್ಸಿಗೆ ಬರುತ್ತವೆ. ಅರ್ಬುದದ ಜೀವಕೋಶಗಳಾದರೋ ಒಂದೇ ಗಂತಿಯೊಳಗೂ ಬೇರೆ ಬೇರೆ. ಬ್ರಿಟನ್ನಿನ ಟ್ರೇಸರ್‌ಎಕ್ಸ್ ಸಂಶೋಧಕರು 126 ರೋಗಿಗಳ ಮೂಲ ಗಂತಿಯ ಜೀನುಗಳನ್ನು ಹರಡಿದ ಗಂತಿಯ ಜೀನುಗಳೊಡನೆ ಹೋಲಿಸಿ 2023ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹರಡಿದವುಗಳಲ್ಲಿ ಸುಮಾರು ಕಾಲುಭಾಗವು ಬಹು ಮೊದಲೇ ಕವಲೊಡೆದಿತ್ತು. ರೋಗ ಪತ್ತೆಯಾದಾಗಲೂ ಧೂಮಪಾನ ಮಾಡುತ್ತಿದ್ದವರಲ್ಲಿ ಇದು ಹೆಚ್ಚಾಗಿ ಕಂಡಿತು. ಉಳಿದುವು ತಡವಾಗಿ ಕವಲೊಡೆದುವು. ಆದುದರಿಂದ, ಹಾವೇರಿ ಜಿಲ್ಲೆಯ ಬೀಜೋತ್ಪಾದಕ ರೈತನು ಬಲ್ಲ ‘ಬೆರಕೆ ಬೀಜ’ವೇ ಹೆಚ್ಚು ಒಪ್ಪುವ ಹೋಲಿಕೆ. ಆ ಬೆರಕೆಯಲ್ಲಿ ಯಾವ ಕಾಳು ಎಂದು ಸಿಡಿದು ಯಾವ ನೆಲಕ್ಕೆ ಒಗ್ಗಿತೆಂಬುದೇ ಇಂದಿನ ಸಂಶೋಧನೆಯ ಪ್ರಶ್ನೆ.

‘ವಂಶವಾಹಿ’ ಪದದ ದೋಷವು ಇದಕ್ಕಿಂತ ಗುರುತರವಾದುದು. ಈ ರೋಗದಲ್ಲಿ ಕಾಣುವ ಜೀನುವಿಕೃತಿಗಳಲ್ಲಿ ಬಹುಪಾಲು ಬೀಡಿ ಸಿಗರೇಟುಗಳ ಹೊಗೆಯೇ ಮೊದಲಾದ ಕಾರಣಗಳಿಂದ ಬಾಳಿನ ನಡುವೆ ಶ್ವಾಸಕೋಶದ ಕೋಶಗಳಲ್ಲಿ ಉಂಟಾದುವು. ಅವು ತಂದೆತಾಯಿಗಳಿಂದ ಬಂದುವಲ್ಲ, ಮಕ್ಕಳಿಗೆ ಹೋಗುವುವೂ ಅಲ್ಲ. ಪದವಾದರೋ ವಂಶದ ಮಾತನ್ನೇ ಎತ್ತುತ್ತದೆ. ಹಿರೇಕೆರೂರಿನ ಯಾವುದೋ ಮನೆಯಲ್ಲಿ ‘ವಂಶವಾಹಿಯ ದೋಷ’ವೆಂದು ವರದಿಯನ್ನು ಓದಿ ಹೇಳಿದರೆ, ಮಗಳ ಮದುವೆಯ ಚಿಂತೆ ಮೊದಲಾಗಿ ಚಿಕಿತ್ಸೆಯ ಚಿಂತೆ ಹಿಂದಾದೀತು. ಹುಬ್ಬಳ್ಳಿಯ ಚಿಕಿತ್ಸಾಲಯಕ್ಕೋ, 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಹೊರಡಬೇಕಾದ ರೋಗಿಯನ್ನು ಮನೆಯವರು ಮರೆಮಾಡಿಯಾರು. ಒಂದು ಪದದ ದೆಸೆಯಿಂದ ಇಷ್ಟು ಕೇಡು ಆಗಬಾರದು.

ಆ ಪದವನ್ನು ತೊರೆಯಬೇಕೆಂಬುದು ನಮ್ಮ ಮತವಲ್ಲ. ಆನುವಂಶಿಕತೆಯ ಪಾಠದಲ್ಲಿ ಅದು ಸಾರ್ಥಕವೇ. ಅರ್ಬುದದ ಪಾಠದಲ್ಲಿ ಮಾತ್ರ ‘ಜೀನು’ ಎಂದು ಬಳಸಿ, ಹುಟ್ಟಿನೊಡನೆ ಬಂದ ವಿಕೃತಿ ಬೇರೆ, ಬಾಳಿನಲ್ಲಿ ಉಂಟಾದ ವಿಕೃತಿ ಬೇರೆ ಎಂಬುದನ್ನು ಅಧ್ಯಾಪಕರು ಒತ್ತಿ ಹೇಳುವುದು ಅವಶ್ಯ.