ಎಡಬದಿಗೆ ನಾರ್ಡೆ, ನಡುವಿಗೆ ಇಫೆಡಾಯೊ

ಸೀಸನ್ ಶುರುವಾಗುವ ಮುಂಚೆ ಫುಟ್‌ಬಾಲ್ ತಂಡದ ಪಟ್ಟಿ ಓದುವ ಸುಖ ತಾಳಮದ್ದಳೆಯ ಕರಪತ್ರ ಓದುವ ಸುಖದಂಥದ್ದು. ಕೃಷ್ಣ ಯಾರೆಂದು ನೋಡಿದ ಕಣ್ಣು ಕೂಡಲೇ ಕರ್ಣ ಯಾರೆಂದು ಹುಡುಕುತ್ತದೆ. ಇವರ ಮಾತಿಗೆ ಅವರ ಮಾತು ಹೇಗೆ ಒದಗೀತು ಎಂಬ ಲೆಕ್ಕಾಚಾರ ಆಗಲೇ ಒಳಗೆ ನಡೆದಿರುತ್ತದೆ. 2022ರ ಮಲೇಷ್ಯಾ ಸೂಪರ್ ಲೀಗ್‌ಗೆ ಮೆಲಾಕಾ ಯುನೈಟೆಡ್ ಕಟ್ಟಿದ ಮುಂಚೂಣಿಯಲ್ಲಿ ಅಂಥ ಎರಡು ಹೆಸರುಗಳಿದ್ದವು: ಸೋನಿ ನಾರ್ಡೆ ಮತ್ತು ಇಫೆಡಾಯೊ ಒಲುಸೆಗುನ್.

ನಾರ್ಡೆ ಬೆಂಗಳೂರಿಗೆ ಅಪರಿಚಿತನಲ್ಲ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಐ-ಲೀಗ್‌ನ ಕೊನೆಯ ಪಂದ್ಯ. ಪ್ರಶಸ್ತಿಗೆ ಬೆಂಗಳೂರು ಎಫ್‌ಸಿ ಗೆಲ್ಲಲೇಬೇಕು, ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ನಮ್ಮವರು ಮುಂದಿದ್ದರು. ಪಂದ್ಯ ಮುಗಿಯಲು ಕೆಲವೇ ನಿಮಿಷ ಉಳಿದಿದ್ದಾಗ ಆಗ ಬಾಗಾನ್ ಪರ ಆಡುತ್ತಿದ್ದ ನಾರ್ಡೆ ಒದ್ದ ಕಾರ್ನರ್ ತೇಲಿಬಂತು, ಅವನ ಜೊತೆಗಾರ ಬೆಲ್ಲೊ ರಜಾಕ್ ತಲೆ ಕೊಟ್ಟ. 1–1. ಹದಿಮೂರು ವರ್ಷಗಳ ನಂತರ ರಾಷ್ಟ್ರೀಯ ಲೀಗ್ ಪಟ್ಟ ಬಾಗಾನ್‌ಗೆ ಹೋಯಿತು. ಬೆಂಗಳೂರಿನ ಅಭಿಮಾನಿಗೆ ಅದು ಇಂದಿಗೂ ನೋಯುವ ಗೋಲು. ಆದರೂ ಆ ಕಾರ್ನರ್ ಚೆಂದವಿತ್ತು ಎನ್ನದೆ ಇರಲಾರೆ. ತಲುಪಬೇಕಾದವನ ಹಣೆಯನ್ನು ಮೊದಲೇ ಕಂಡು ಹೊರಟ ಚೆಂಡು ಅದು.

ಹೈಟಿಯ ಈ ವಿಂಗರ್‌ನ ಸೊಗಸು ಅವನ ವೇಗಕ್ಕಿಂತ ಹೆಚ್ಚಾಗಿ ಅವನು ತಡೆಯುವ ಕ್ಷಣದಲ್ಲಿದೆ. ಎಡಗೆರೆಯ ಪಕ್ಕದಲ್ಲಿ ಚೆಂಡನ್ನು ಕಾಲಡಿ ಇರಿಸಿಕೊಂಡು ಒಂದು ಚಣ ನಿಂತುಬಿಡುತ್ತಾನೆ. ಎದುರಾಳಿ ಯಾವ ಕಡೆ ಭಾರ ಹಾಕಬೇಕೆಂದು ತಿಳಿಯದೆ ಕಾಯುತ್ತಾನೆ. ಹಾಗೆ ಕಾದವನು ಆಗಲೇ ಸೋತಂತೆ. ನಾರ್ಡೆ ಒಳಕ್ಕೆ ಹೊರಳಿ ಬಲಗಾಲಿಗೆ ಚೆಂಡು ತಂದುಕೊಂಡರೆ ಗೋಲುಪೆಟ್ಟಿಗೆಯ ದೂರದ ಮೂಲೆಯೂ ತೆರೆಯುತ್ತದೆ, ನಡುವೆ ಓಡಿಬರುವ ಜೊತೆಗಾರನ ದಾರಿಯೂ ತೆರೆಯುತ್ತದೆ. ಮೊಣಕಾಲಿನ ಗಾಯ, ಮೂವತ್ತು ದಾಟಿದ ವಯಸ್ಸು, ಇವು ಓಟದಿಂದ ಒಂದಿಷ್ಟನ್ನು ಕಸಿದಿರಬಹುದು. ಆ ನಿಲುಗಡೆಯನ್ನು ಯಾವ ಗಾಯವೂ ಕಸಿಯಲಾರದು.

ಇನ್ನು ಆ ದಾರಿಯಲ್ಲಿ ಓಡಿಬರುವವನು. ನೈಜೀರಿಯಾದ ಇಫೆಡಾಯೊ 2021ರಲ್ಲಿ ಸೆಲಾಂಗೊರ್ ಪರ 26 ಗೋಲು ಹೊಡೆದು ಲೀಗ್‌ನ ಅತಿ ಹೆಚ್ಚು ಗೋಲುಗಳ ಆಟಗಾರನಾಗಿದ್ದ. ಆ ವರ್ಷ ಒಂದು ತಂಡ ಇಡೀ ಲೀಗ್‌ನಲ್ಲಿ ಆಡಿದ್ದೇ 22 ಪಂದ್ಯ ಎಂಬುದನ್ನು ನೆನಪಿಟ್ಟು ಆ ಅಂಕಿಯನ್ನು ನೋಡಬೇಕು. ಅದೂ 2014ರಿಂದ ಪಟ್ಟ ಬಿಡದ ಜೊಹೊರ್ ದಾರುಲ್ ತಾಜಿಮ್‌ನಂಥ ಸಿರಿವಂತ ತಂಡವಿರುವ ಲೀಗ್‌ನಲ್ಲಿ! ನಾರ್ಡೆ ಕಾಯಿಸುವವನಾದರೆ ಇಫೆಡಾಯೊ ಕಾಯದವನು. ಡಿಫೆಂಡರ್‌ನ ಹೆಗಲಿಗೆ ಹೆಗಲು ಒತ್ತಿ ನಿಂತು, ಚೆಂಡು ಬಂದದ್ದೇ ತಡ ಮುಗಿಸುವ ಜಾತಿ. ಸಾವಧಾನ ಮತ್ತು ಆತುರ ಒಂದೇ ಮುಂಚೂಣಿಯಲ್ಲಿ ಜೊತೆಯಾಗುವುದು ಅಪರೂಪ. ಇಬ್ಬರೂ ಸಾವಧಾನಿಗಳಾದರೆ ಆಟ ಚೆಂದ ಕಂಡೀತು, ಗೋಲು ಬಾರದು. ಇಬ್ಬರೂ ಆತುರಗಾರರಾದರೆ ಚೆಂಡು ಕಾಲಲ್ಲಿ ನಿಲ್ಲದು. ಮೆಲಾಕಾ ಆರಿಸಿದ್ದು ಇಬ್ಬರು ಒಳ್ಳೆಯ ಆಟಗಾರರನ್ನು ಮಾತ್ರವಲ್ಲ, ಒಬ್ಬರಿಗೊಬ್ಬರು ಬೇಕಾದವರನ್ನು. ನನ್ನ ಮೆಚ್ಚುಗೆ ಆ ಆಯ್ಕೆಗೆ.

ಕೊರತೆಯೂ ಕಣ್ಣಿಗೆ ಬೀಳುತ್ತಿತ್ತು. ಇಂಥ ಜೋಡಿಗೆ ಹಿಂದಿನಿಂದ ಚೆಂಡು ಬೇಗ ಬರಬೇಕು. ದಾಳಿಯ ಭಾರವೆಲ್ಲ ಎಡಬದಿಗೆ ವಾಲಿದರೆ ಎದುರಾಳಿ ಅಲ್ಲಿಗೆ ಇನ್ನೊಬ್ಬನನ್ನು ಕಳಿಸುತ್ತಾನೆ, ಆಗ ಬಲಬದಿ ಮಾತಾಡಬೇಕು.

ತಂಡದ ಊರಾದ ಮೆಲಾಕಾಕ್ಕೂ ಈ ಆಟಕ್ಕೂ ಒಂದು ನಂಟಿದೆ. ಪರಮೇಶ್ವರ ಎಂಬ ರಾಜ ಮರದಡಿ ದಣಿವಾರಿಸಿಕೊಳ್ಳುತ್ತಿದ್ದಾಗ ಪುಟ್ಟ ಬರ್ಕವೊಂದು, ಮೊಲದಷ್ಟೇ ಇರುವ ಆ ಪ್ರಾಣಿ, ಅವನ ಬೇಟೆನಾಯಿಯನ್ನು ಒದ್ದು ನೀರಿಗೆ ಕೆಡವಿತಂತೆ. ಆ ಧೈರ್ಯಕ್ಕೆ ಬೆರಗಾಗಿ ಅವನು ಅಲ್ಲೇ ಊರು ಕಟ್ಟಿದನೆಂಬುದು ಮೆಲಾಕಾದ ಐತಿಹ್ಯ. ರಾಜ್ಯದ ಲಾಂಛನದಲ್ಲಿ ಇಂದಿಗೂ ಬರ್ಕಗಳಿವೆ. ಒಂದು ಒದೆತದಿಂದ ಹುಟ್ಟಿದ ಊರಿಗೆ ಕ್ರುಬೋಂಗ್‌ನಲ್ಲಿ ನಲವತ್ತು ಸಾವಿರ ಜನ ಹಿಡಿಸುವ ಹಾಂಗ್ ಜೆಬಾತ್ ಕ್ರೀಡಾಂಗಣ ಇರುವುದು ನನಗೆ ಸಹಜವೆನಿಸುತ್ತದೆ.

ಪಟ್ಟಿಯಲ್ಲಿ ಕಂಡ ಸೊಗಸಿಗೆ ತಕ್ಕ ನೆಲೆ ಆ ಜೋಡಿಗೆ ಸಿಗಲಿಲ್ಲ. ಆಟಗಾರರ ಸಂಬಳ ಬಾಕಿ ಉಳಿದು, 2023ರ ಲೀಗ್‌ನಿಂದ ಮೆಲಾಕಾ ಯುನೈಟೆಡ್ ಹೊರಬಿತ್ತು. ನಾರ್ಡೆ ತೆರೆಂಗಾನು ತಂಡಕ್ಕೆ ಹೋದ. ಸಂಬಳವಿಲ್ಲದೆ ಆಡಿದವರ ಕಾಲಿನಿಂದ ಕಲೆ ಬೇಡುವುದು ನ್ಯಾಯವಲ್ಲ. ಹಾಗಾಗಿ ಆ ವರ್ಷದ ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ಈ ಇಬ್ಬರನ್ನು ಅಳೆಯಲು ನಾನು ಒಪ್ಪುವುದಿಲ್ಲ. 2025–26ರ ಸೂಪರ್ ಲೀಗ್‌ಗೆ ಮೆಲಾಕಾ ಎಫ್‌ಸಿ ಎಂಬ ಬೇರೆ ತಂಡ ಬಂದಿದೆ. ಅದರ ಪಟ್ಟಿಯಲ್ಲೂ ನಾನು ಮೊದಲು ಹುಡುಕಿದ್ದು ಎಡಬದಿಯವನನ್ನು, ಆಮೇಲೆ ಅವನ ಚೆಂಡಿಗೆ ಓಡಿಬರುವವನನ್ನು.